ಮನೆ ಮಲಗಿದೆ

ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸಲ ತಿರುಗಿ ನೋಡಿದ ಮೇಲೆಯೇ ತಾನು ತುಟಿ ಅಲ್ಲಾಡಿಸುತ್ತಿದ್ದೇನೆಂದು ಅವನಿಗೆ ಗೊತ್ತಾದದ್ದು. ಮೂರನೆಯ ಸಲ ಆಕೆ ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ಆಚೆ ಬದಿಗೆ ಇಟ್ಟುಕೊಂಡಳು. ಅವನು ಕೆಮ್ಮಿದ, ಕಿಟಕಿಯ ಕಡೆ ನೋಡಿದ, ಆದರೆ ಒಳಗೆ ಆ ಎರಡು ವಾಕ್ಯಗಳು ನಿಲ್ಲಲಿಲ್ಲ. ನಮಸ್ಕಾರ, ನಿಮ್ಮ ಕರೆ ರಾಷ್ಟ್ರೀಯ ತುರ್ತು ಸಹಾಯವಾಣಿಗೆ ತಲುಪಿದೆ. ದಯವಿಟ್ಟು ಶಿಷ್ಟ ಭಾಷೆಯಲ್ಲಿ ಸ್ಪಷ್ಟವಾಗಿ ಮಾತನಾಡಿ. ಇವತ್ತು ಹನ್ನೊಂದು ಗಂಟೆಗೆ ಮುಖ್ಯ ಕಚೇರಿಯ ಅಧಿಕಾರಿ ಬಂದು ಈ ಎರಡು ವಾಕ್ಯಗಳನ್ನು ಅವನ ದನಿಯಲ್ಲಿ ಮುದ್ರಿಸಿಕೊಂಡು ಹೋಗುವವರಿದ್ದರು. ಬರುವ ತಿಂಗಳಿನಿಂದ ಇಪ್ಪತ್ತೆರಡು ಪ್ರಾಂತ್ಯಗಳಲ್ಲಿ ಯಾರ ಮನೆಗೆ ಬೆಂಕಿ ಬೀಳಲಿ, ಯಾರ ಎದೆ ಹಿಡಿದುಕೊಳ್ಳಲಿ, ಆ ಮೂರಂಕಿಯ ನಂಬರು ಒತ್ತಿದವರು ಮೊದಲು ಕೇಳುವುದು ಅವನನ್ನು. ಹೆಮ್ಮೆಯಾಗಬೇಕಾದ ವಿಷಯ. ಆಗಿಯೂ ಇತ್ತು. ಆದರೆ ಅದು ಹೊಸ ಚಪ್ಪಲಿಯ ಹಾಗೆ ಎಲ್ಲೋ ಒಂದು ಕಡೆ ಕಚ್ಚುತ್ತಿತ್ತು.

ಸಹಾಯವಾಣಿಯ ಹಾಲ್ ಮೂರನೆಯ ಮಹಡಿಯಲ್ಲಿತ್ತು. ನಲವತ್ತು ಕುರ್ಚಿ, ನಲವತ್ತು ಪರದೆ, ಹತ್ತು ವರ್ಷಗಳಿಂದ ಬದಲಾಗದ ಬೂದು ಬಣ್ಣದ ಗೋಡೆ. ಒಂದು ಪ್ರಾಂತ್ಯದ ಕೇಂದ್ರದಲ್ಲಿ ಲೈನುಗಳು ತುಂಬಿದರೆ ಕರೆಗಳು ತಾವಾಗಿಯೇ ಹರಿದು, ಎಲ್ಲಿ ಕುರ್ಚಿ ಖಾಲಿ ಇದೆಯೋ ಅಲ್ಲಿಗೆ ಹೋಗಿ ಸೇರುತ್ತಿದ್ದವು. ಸಾವಿರ ಮೈಲಿ ಆಚೆ ಮರಳುಗಾಡಿನ ಅಂಚಿನಲ್ಲಿ ಹೆರಿಗೆ ನೋವು ಬಂದವಳ ಕೂಗನ್ನು ಇಲ್ಲಿ, ಇನ್ನೂ ಒದ್ದೆ ಕೊಡೆಯನ್ನು ಕುರ್ಚಿಗೆ ನೇತುಹಾಕುತ್ತಿರುವ ಒಬ್ಬ ಎತ್ತಿಕೊಳ್ಳುತ್ತಿದ್ದ. ದೇಶ ಅನ್ನುವ ಮಾತನ್ನು ಅವನು ಶಾಲೆಯ ಪುಸ್ತಕದಲ್ಲಿ ಓದಿದ್ದ, ನಕಾಶೆಯಲ್ಲಿ ಬಣ್ಣ ಹಚ್ಚಿದ್ದ. ಆದರೆ ಅದು ಕಿವಿಯೊಳಗೆ ಉಸಿರಾಡಿದ್ದು ಈ ಹಾಲ್‌ನಲ್ಲಿ. ಯಾರದೋ ಉಸಿರು, ಯಾರದೋ ಅಡುಗೆಮನೆಯ ನಲ್ಲಿಯ ಸದ್ದು, ಹಿಂದೆ ಯಾರೋ ‘ಹೇಳು, ಬೇಗ ಹೇಳು’ ಅನ್ನುವುದು.

ಇಲ್ಲಿ ಅವನ ಹೆಸರು ರೇಡಿಯೋ. ಇಟ್ಟವನು ಎದುರು ಸಾಲಿನ ಬಂದರಣ್ಣ, ದಕ್ಷಿಣದ ಬಂದರಿನಿಂದ ಬಂದವನು, ಬಾಯಿ ತೆರೆದರೆ ಹಡಗಿನ ಮೇಲಿಂದ ಕರೆದ ಹಾಗೆ ಮಾತಾಡುವವನು. "ನಮ್ಮ ಮಾತು ಕೇಳಿದ್ರೆ ಯಾವ ಊರಿನ ನೀರು ಕುಡಿದವರು ಅಂತ ಹೇಳ್ಬಹುದು. ಇವನು ಮಾತ್ರ ಬಾಟಲಿ ನೀರು ಕುಡಿದು ಬೆಳೆದವನು" ಎಂದು ಮೊದಲ ದಿನವೇ ಅಂದಿದ್ದ. ಎಲ್ಲರೂ ನಕ್ಕರು, ಅವನೂ ನಕ್ಕ. ಒಳಗೊಳಗೆ ಅದನ್ನು ಪದಕದ ಹಾಗೆ ಚುಚ್ಚಿಕೊಂಡ. ಆ ಬಾಟಲಿ ನೀರಿಗಾಗಿ ಅವನು ಎಷ್ಟು ಕಷ್ಟಪಟ್ಟಿದ್ದನೆಂದು ಅವರಿಗೇನು ಗೊತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಮೇಲಿನ ಪ್ರಾಂತ್ಯದಿಂದ ಬಂದು ಹಾಸ್ಟೆಲಿನ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ‘ಇನ್ನೊಂದು ಸೌಟು ಹಾಕಿಇ’ ಎಂದಾಗ, ಹಿಂದಿನಿಂದ ಹನ್ನೆರಡು ಹುಡುಗರು ಒಟ್ಟಿಗೆ ‘ಹಾಕಿಇಇ’ ಎಂದಿದ್ದರು. ಮೇಲಿನವರು ಮಾತಿನ ಕೊನೆಯ ಅಕ್ಷರವನ್ನು ಬಿಡಲು ಮನಸ್ಸಿಲ್ಲದವರ ಹಾಗೆ ಎಳೆಯುತ್ತಾರೆ. ಅದು ತನಗೆ ಮಾತ್ರ ಇರುವ ಕಾಯಿಲೆ ಎಂಬಂತೆ ಅವನು ಆ ಇಡೀ ವರ್ಷ ಸಂಜೆ ಏಳರ ವಾರ್ತೆಯ ಜೊತೆಗೆ, ಹೊದಿಕೆಯೊಳಗೆ, ಒಂದೊಂದೇ ವಾಕ್ಯವನ್ನು ಹಿಂದೆಹಿಂದೆಯೇ ಹೇಳಿಕೊಂಡು ಹೇಳಿಕೊಂಡು ಆ ಬಾಲವನ್ನು ಕತ್ತರಿಸಿದ. ಮೇಲಿನ ಪ್ರಾಂತ್ಯದ ಮನೆಗೆ ಹೋದರೆ ಅಕ್ಕ, "ನಿನ್ನ ಜೊತೆ ಮಾತಾಡೋದಂದ್ರೆ ಬ್ಯಾಂಕಿಗೆ ಹೋದ ಹಾಗೆ ಕಣೋ ತಮ್ಮಾ. ತಲೆ ಬಾಚ್ಕೊಂಡು ಬರಬೇಕು ಅನ್ಸುತ್ತೆಏ" ಎನ್ನುತ್ತಿದ್ದಳು. ನೋವಿನಿಂದ ಅಂದಳೋ ತಮಾಷೆಗೆ ಅಂದಳೋ ಅವನಿಗೆ ತಿಳಿಯುತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತೇನೋ; ಅವನು ನೋಡುತ್ತಿರಲಿಲ್ಲ.

ಪಕ್ಕದ ಕುರ್ಚಿಯಲ್ಲಿ, ಎಲ್ಲರೂ ಚೀಟಿ ಎಂದು ಕರೆಯುವವಳು ಆಗಲೇ ಬಂದು ತನ್ನ ಪರದೆಯ ಸುತ್ತ ಅಂಟಿಸಿದ್ದ ಹಳದಿ ಚೀಟಿಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ನೂರಾರು ಇದ್ದವು. ಅವಳ ಹೆಸರೂ ಅವುಗಳಿಂದಲೇ ಬಂದದ್ದು. ಯಾವ ಪ್ರಾಂತ್ಯದವರು ಯಾವ ವಿಚಿತ್ರ ಮಾತು ಆಡಿದರೂ, ಅರ್ಥ ಕೇಳಿ, ಬರೆದು, ಅಂಟಿಸಿಡುತ್ತಿದ್ದಳು.

"ಏನ್ರೀ ಇದು, ಬೆಳಗ್ಗೆ ಬೆಳಗ್ಗೆ ಮನೆ ಖಾಲಿ ಮಾಡ್ತಿದ್ದೀರಿ?" ಎಂದ ಅವನು.

"ಸಾಹೇಬರ ಅಪ್ಪಣೆ. ಮೇಜಿನ ಮೇಲೆ ಹೊಸ ಕಾರ್ಡ್ ಒಂದೇ ಇರಬೇಕಂತೆ. ದೇಶಕ್ಕೊಂದೇ ನಂಬರು, ಒಂದೇ ಕಾರ್ಡು, ಒಂದೇ ಮಾತು." ಅವಳು ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿದಳು. "ನಿಮಗೇನು, ನೀವೇ ಆ ಒಂದು ಮಾತು. ನಾನು ಎಲ್ಲಾ ಕಡೆ ಹೇಳ್ಕೊಂಡು ಬರ್ತಿದ್ದೀನಿ, ನನ್ನ ಪಕ್ಕದಲ್ಲಿ ಕೂರೋರ ದನಿ ಅಂತ."

ಅವಳು ಹೀಗೆ ಅಂದಾಗಲೆಲ್ಲ ಅವನಿಗೆ ಎದ್ದು ಹೋಗಬೇಕೆನಿಸುತ್ತಿತ್ತು. ಎರಡು ವರ್ಷಗಳಿಂದ ಅವಳು ಅವನ ಬಗ್ಗೆ ಇಟ್ಟುಕೊಂಡಿದ್ದ ಗೌರವದಂಥ ಭಾರವನ್ನು ಅವನು ಬೇರೆಲ್ಲೂ ಹೊತ್ತಿರಲಿಲ್ಲ. ಅದು ಶುರುವಾದದ್ದು ಎರಡು ವರ್ಷದ ಹಿಂದೆ, ಇಂಥದೇ ಒಂದು ದಿನ. ಮಧ್ಯಾಹ್ನದ ಊಟವಾಗಿತ್ತು, ಕರೆಗಳು ಕಡಿಮೆ ಇದ್ದವು, ಹಾಲ್‌ನಲ್ಲಿ ಆಕಳಿಕೆ ಕುರ್ಚಿಯಿಂದ ಕುರ್ಚಿಗೆ ಹೋಗುತ್ತಿತ್ತು. ಅವಳ ಕಿವಿಗೆ ಒಂದು ಕರೆ ಬಂತು. ಒಂದು ಗಳಿಗೆ ಕೇಳಿ, ತುಟಿ ಕಚ್ಚಿ ನಗು ತಡೆದು, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

"ಅಮ್ಮಾ, ಮನೆ ಮಲಗಿದೆಏ" ಎಂದಿತು ಒಬ್ಬ ಮುದುಕನ ದನಿ. ಅವಸರವಿಲ್ಲದ ದನಿ. ಮೇಲಿನವರು ಫೋನಿನಲ್ಲಿ ಕೂಗಾಡುವುದಿಲ್ಲ. ಕಷ್ಟ ಹೆಚ್ಚಾದಷ್ಟೂ ದನಿ ತಗ್ಗುತ್ತದೆ.

"ಮನೆ ಮಲಗಿದ್ರೆ ನೀವ್ಯಾಕೆ ಎದ್ದಿದ್ದೀರಿ ತಾತಾ?"

"ನಾನು ಹೊರಗಿದ್ದೆಏ."

"ಒಳಗೆ ಯಾರಿದ್ದಾರೆ?"

"ಅವಳಿದ್ದಾಳೆಏ. ಕರೆದರೆ ಮಾತಾಡ್ತಿಲ್ಲ."

"ನಿದ್ದೆ ಕೆಡಿಸಿದ್ರೆ ನಾನೂ ಮಾತಾಡಲ್ಲ ತಾತಾ. ನೀವೂ ಹೋಗಿ ಮಲಗಿ."

ಹಾಲ್ ನಕ್ಕಿತು. ಅವಳು ಕರೆ ಮುಗಿಸಿ ‘ತುರ್ತಲ್ಲ’ ಎಂದು ಗುರುತು ಹಾಕಿದಳು. ಅವನೂ ನಕ್ಕ. ಅದನ್ನೇ ಅವನು ಆಮೇಲೆ ಎಷ್ಟೋ ಸಲ ನೆನೆದುಕೊಂಡ: ನಗು ಮೊದಲು ಬಂತೋ, ಅರ್ಥ ಮೊದಲು ಬಂತೋ. ಅರ್ಥವೇ ಮೊದಲು. ಮೊದಲ ಸಲ ಮುದುಕ ಅಂದಾಗಲೇ ಅವನಿಗೆ ತಿಳಿದಿತ್ತು. ಮೇಲಿನ ಪ್ರಾಂತ್ಯದಲ್ಲಿ ಯಾರೂ ಮನೆ ಬಿತ್ತು ಎನ್ನುವುದಿಲ್ಲ. ಕಲ್ಲು ಬೀಳುತ್ತದೆ, ಹಣ್ಣು ಬೀಳುತ್ತದೆ, ಮನೆ ಮಲಗುತ್ತದೆ. ಅವನಿಗೆ ಏಳು ವರ್ಷವಿದ್ದಾಗ ದೊಡ್ಡಪ್ಪನ ಮನೆ ಮಲಗಿತ್ತು. ಮಣ್ಣು, ತೊಲೆ, ಹೆಂಚು ಎಲ್ಲ ಒಂದರ ಮೇಲೊಂದು ಕೂತ ರಾಶಿಯ ಮುಂದೆ ನಿಂತು ಅಜ್ಜಿ, ‘ಪಾಪ, ಎಷ್ಟು ವರ್ಷ ನಿಂತೇ ಇತ್ತು’ ಎಂದಿದ್ದಳು, ಮನೆಯ ಬಗ್ಗೆ. ಆ ಮಾತು ತನಗೆ ಗೊತ್ತಿದೆ ಎಂದರೆ, ಅದು ಹೇಗೆ ಗೊತ್ತು ಎಂದು ಕೇಳುತ್ತಾರೆ. ಹೇಗೆ ಗೊತ್ತು ಎಂದು ಹೇಳಿದರೆ ಆ ಹನ್ನೆರಡು ಹುಡುಗರು ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಇಷ್ಟೇ. ಇಷ್ಟಕ್ಕಾಗಿ ಅವನು ಎದ್ದು ಹೋಗಿ ಮುಖ ತೊಳೆದ, ಕಾರಿಡಾರಿನಲ್ಲಿ ನಿಂತ, ಮುದುಕ ಇನ್ನೊಂದು ಸಲ ಕರೆ ಮಾಡುತ್ತಾನೆ, ಬೇರೆ ಯಾರೋ ಎತ್ತುತ್ತಾರೆ ಎಂದುಕೊಂಡ. ಹನ್ನೊಂದು ನಿಮಿಷದ ನಂತರ ಬಂದು ಕೂತು, ಮುಗಿದ ಕರೆಗಳನ್ನು ಪರೀಕ್ಷಿಸುವ ನೆಪದಲ್ಲಿ ಆ ನಂಬರು ತೆಗೆದು ಕರೆ ಮಾಡಿದ. "ಕಟ್ಟಡ ಕುಸಿದಿದೆಯೇ?" ಎಂದು ಕೇಳಿದ, ವಾರ್ತೆಯ ದನಿಯಲ್ಲಿ. "ಕುಸಿಯೋದು ಅಂದ್ರೆಏ?" ಎಂದ ಮುದುಕ. ಆಗ ಅವನು ಬಾಯಿಗೆ ಕೈ ಅಡ್ಡ ಹಿಡಿದು, ಮೇಜಿನ ಕಡೆ ಬಗ್ಗಿ, ಕದ್ದವನ ಹಾಗೆ ಕೇಳಿದ: "ಅವಳ ಮೇಲೆ ಮಲಗಿದೆಯಾಅ?"

ಮುದುಕಿ ಬದುಕಿದಳು. ಬಲಗೈಯನ್ನು ಮೊಣಕೈ ಕೆಳಗೆ ತೆಗೆದರು. ಹನ್ನೊಂದು ನಿಮಿಷ ಮೊದಲೇ ಹೋಗಿದ್ದರೆ ಕೈ ಉಳಿಯುತ್ತಿತ್ತೇ ಎಂದು ಕೇಳಲು ಅವನು ಆ ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿ ಮೂರು ಸಲವೂ ಇಟ್ಟುಬಿಟ್ಟ. ಕಚೇರಿ ಅವನಿಗೆ ಸಮಯಪ್ರಜ್ಞೆಗಾಗಿ ಪ್ರಶಸ್ತಿಪತ್ರ ಕೊಟ್ಟಿತು. "ಅದು ಹೇಗೆ ಹೊಳೆಯಿತು ನಿಮಗೆ?" ಎಂದು ಎಲ್ಲರೂ ಕೇಳಿದರು. "ಏನೋ ಅನುಮಾನ ಬಂತು" ಎಂದ. ಚೀಟಿ ಮಾತ್ರ ಪ್ರಶ್ನೆ ಕೇಳಲಿಲ್ಲ, ಅವನ ಎರಡೂ ಕೈ ಹಿಡಿದು ಅತ್ತಳು. ಮಾರನೆಯ ದಿನ ಮೊದಲ ಹಳದಿ ಚೀಟಿ ಅಂಟಿಸಿದಳು.

ಹನ್ನೊಂದಕ್ಕೆ ಸರಿಯಾಗಿ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಅದೇ ಕಷ್ಟ. ಇಪ್ಪತ್ತೆರಡು ಕೇಂದ್ರಗಳನ್ನು ಒಂದು ತಂತಿಗೆ ಪೋಣಿಸಲು ಎಂಟು ವರ್ಷ ತಿರುಗಿದವರು, ಕಣ್ಣ ಕೆಳಗೆ ಕಪ್ಪು, ಅಂಗಿಯ ಜೇಬಿನಲ್ಲಿ ಮಾತ್ರೆ. ಈ ಒಂದು ಗಂಟೆ ಇಲ್ಲಿನ ಕರೆಗಳನ್ನೆಲ್ಲ ಪಶ್ಚಿಮದ ಕೇಂದ್ರದವರು ತೆಗೆದುಕೊಳ್ಳುತ್ತಿದ್ದಾರೆ ಎಂದು ಹೇಳಿ ಅವರು ಚಹಾದ ಲೋಟ ಎತ್ತಿ ತೋರಿಸಿದರು. "ನೋಡಿ, ನಾವು ಇಲ್ಲಿ ಚಹಾ ಕುಡೀತಾ ಕೂತಿದ್ದೀವಿ, ಈ ಊರಿನವರ ಕೂಗನ್ನ ಇವರ ಮುಖ ಕಂಡಿಲ್ಲದವರು ಎತ್ಕೊಳ್ತಿದ್ದಾರೆ. ಇದಕ್ಕಿಂತ ದೊಡ್ಡ ದೇಶಭಕ್ತಿ ನನಗೆ ಗೊತ್ತಿಲ್ಲ." ಯಾರೂ ಚಪ್ಪಾಳೆ ತಟ್ಟಲಿಲ್ಲ, ಆದರೆ ನಲವತ್ತು ಜನ ಸ್ವಲ್ಪ ನೆಟ್ಟಗೆ ಕೂತರು.

ಆಮೇಲೆ ಕಾರ್ಡ್ ಹಂಚಿದರು. ಒಂದು ಬದಿಗೆ ಕೇಳಬೇಕಾದ ಪ್ರಶ್ನೆ, ಇನ್ನೊಂದು ಬದಿಗೆ ಒಪ್ಪಿತ ಪದಗಳು. ಪಟ್ಟಿಯಲ್ಲಿಲ್ಲದ ಪದ ಬಂದರೆ ‘ಅಸ್ಪಷ್ಟ’ ಎಂದು ಗುರುತಿಸಿ, ಎರಡು ಸಲ ಮತ್ತೆ ಕೇಳಿ, ಆಗಲೂ ಅಸ್ಪಷ್ಟವಾಗಿದ್ದರೆ ಕರೆ ಮುಗಿಸಿ ಲೈನು ಬಿಟ್ಟುಕೊಡಬೇಕು. "ಕಟು ಅನ್ಸುತ್ತೆ, ಗೊತ್ತು" ಎಂದರು ಅಧಿಕಾರಿ. "ಆದರೆ ಒಬ್ಬರ ಒಗಟು ಬಿಡಿಸ್ತಾ ಕೂತರೆ ಇನ್ನೊಬ್ಬರ ಉಸಿರು ನಿಲ್ಲುತ್ತೆ." ಮತ್ತೆ ಅವನ ಕಡೆ ತಿರುಗಿ ನಕ್ಕರು. "ಈ ದನಿಯನ್ನ ಹನ್ನೆರಡು ಪ್ರಾಂತ್ಯಗಳಲ್ಲಿ ಕೇಳಿಸಿ ನೋಡಿದೆವು. ಎಲ್ಲಿಯವರು ಅಂತ ಒಬ್ಬರಿಗೂ ಹೇಳಕ್ಕಾಗಲಿಲ್ಲ. ಅದೇ ಇದರ ದೊಡ್ಡತನ. ಮುಂದಿನ ತಿಂಗಳು ಇವರು ರಾಜಧಾನಿಗೆ ಬರ್ತಾರೆ, ಹೊಸಬರಿಗೆಲ್ಲ ಹೇಳಿಕೊಡೋಕೆ."

"ಅಲ್ಲಿ ಎಲ್ಲ ಬಾಟಲಿ ನೀರೇ, ರೇಡಿಯೋ" ಎಂದ ಬಂದರಣ್ಣ. ಹಾಲ್ ನಕ್ಕಿತು. ಅವನಿಗೆ ಆ ನಗು ಯಾವಾಗಲೋ ಕೇಳಿದ್ದು ಅನ್ನಿಸಿತು.

"ಸರಿ, ಒಂದು ಅಣಕು ಕರೆ ಮಾಡಿ ನೋಡೋಣ" ಎಂದರು ಅಧಿಕಾರಿ. "ನೀವಮ್ಮಾ, ಕಾರ್ಡ್ ಹಿಡ್ಕೊಳ್ಳಿ" ಎಂದು ಚೀಟಿಗೆ ಹೇಳಿ, ಅವನಿಗೆ, "ನೀವು ಕರೆ ಮಾಡಿ. ಯಾವುದಾದರೂ ತೊಂದರೆ ಹೇಳಿ, ನಿಮ್ಮಿಷ್ಟ. ಸ್ಪೀಕರ್ ಹಾಕಿ, ಎಲ್ಲರಿಗೂ ಕೇಳಲಿ" ಎಂದರು.

ಅವನು ಕೊನೆಯ ಸಾಲಿನ ಖಾಲಿ ಮೇಜಿಗೆ ಹೋಗಿ ಫೋನ್ ಎತ್ತಿಕೊಂಡ. ಹೃದಯಾಘಾತ, ಎಂದುಕೊಂಡ. ಪಟ್ಟಿಯಲ್ಲಿದೆ, ಸುಲಭ, ಒಂದು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಆ ಎರಡು ವಾಕ್ಯ. ದಯವಿಟ್ಟು ಶಿಷ್ಟ ಭಾಷೆಯಲ್ಲಿ. ಒಂದು ಕ್ಷಣ ಅವನಿಗೆ ಮುದುಕ ಕಂಡ: ಮಲಗಿದ ಮನೆಯ ಮುಂದೆ ನಿಂತು, ಸರಕಾರದ ನಂಬರು ಒತ್ತಿ, ಮೊದಲು ಅವನ ಈ ತೊಳೆದಿಟ್ಟ ದನಿಯನ್ನು ಕೇಳಿ, ತನ್ನ ಮಾತು ಶಿಷ್ಟವಲ್ಲವೆಂದು ತಿಳಿದು, ಸುಮ್ಮನೆ ಫೋನ್ ಇಡುವ ಮುದುಕ. ಹೌದು, ಇಡುತ್ತಾನೆ. ಮೇಲಿನವರು ಇಟ್ಟುಬಿಡುತ್ತಾರೆ. ಅವರಿಗೆ ಅಷ್ಟು ಮಾನ. ಮೊದಲ ಸಲ ಅವನಿಗೆ ಆ ಮಾನದ ಬಗ್ಗೆ ನಾಚಿಕೆಯಾಗಲಿಲ್ಲ.

"ರಾಷ್ಟ್ರೀಯ ತುರ್ತು ಸಹಾಯವಾಣಿ. ನಿಮ್ಮ ತೊಂದರೆ ಏನು?" ಎಂದು ಚೀಟಿ ಕಾರ್ಡ್ ನೋಡಿ ಓದಿದಳು.

"ಅಮ್ಮಾ, ಮನೆ ಮಲಗಿದೆಏ" ಎಂದ ಅವನು.

ಇಪ್ಪತ್ತು ವರ್ಷದಲ್ಲಿ ಒಂದೇ ಸಲ, ಅದೂ ಕದ್ದು, ಬಳಸಿದ್ದ ಕೊನೆಯ ಅಕ್ಷರ. ಅದು ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಸುಳ್ಳಾಯಿತು. ತನ್ನಷ್ಟಕ್ಕೆ, ಇಳಿಜಾರಿನಲ್ಲಿ ಕಾಲು ಹೋದ ಹಾಗೆ ಹೋಯಿತು. ಯಾರೋ ಅಭ್ಯಾಸಬಲದಿಂದ ನಗಲು ಶುರುಮಾಡಿ ನಿಲ್ಲಿಸಿದರು. ಚೀಟಿ ಕಾರ್ಡಿನ ಮೇಲೆ ಬೆರಳಿಟ್ಟಳು, ಬೆರಳು ಪಟ್ಟಿಯಲ್ಲಿ ಕೆಳಗಿನವರೆಗೂ ಹೋಗಿ ಬಂತು.

"ಇಲ್ಲಿಲ್ಲ ಸಾರ್" ಎಂದಳು ಅಧಿಕಾರಿಗೆ.

"ಹಾಗಾದರೆ ಅಸ್ಪಷ್ಟ. ಮತ್ತೊಂದು ಸಲ ಕೇಳಿ."

"ನಿಮ್ಮ ತೊಂದರೆ ಏನು?"

"ಮನೆ ಮಲಗಿದೆಏ. ಅವಳು ಒಳಗಿದ್ದಾಳೆ. ಕರೆದರೆ ಮಾತಾಡ್ತಿಲ್ಲ."

ಅವಳು ಕಾರ್ಡ್ ಕೆಳಗಿಟ್ಟಳು. "ಸಾರ್, ಇದು ಅಸ್ಪಷ್ಟ ಅಲ್ಲ. ಇದು ಮನೆ ಬಿದ್ದಿದೆ ಅಂತ. ನಾನು ಒಂದು ಸಲ ಈ ಕರೆ ಕಟ್ ಮಾಡಿದ್ದೀನಿ." ಮತ್ತೆ ಅವನ ಕಡೆ ತಿರುಗಿ, ಫೋನು ಬಿಟ್ಟು, ನೇರವಾಗಿ ಕೇಳಿದಳು. "ನೀವು ಅಲ್ಲಿಯವರಾ?"

"ಅಲ್ಲಿಯವನೇ. ಹುಟ್ಟಿದ್ದೂ ಬೆಳೆದದ್ದೂ."

"ಅವತ್ತು ಅನುಮಾನ ಬಂತು ಅಂದ್ರಿ."

"ಅನುಮಾನ ಅಲ್ಲ. ಗೊತ್ತಿತ್ತು."

"ಯಾವಾಗಿಂದ?"

"ಅವರು ಮೊದಲನೇ ಸಲ ಹೇಳಿದಾಗಲೇ."

ಅವಳು ಮನಸ್ಸಿನಲ್ಲಿ ನಿಮಿಷ ಎಣಿಸುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಎಣಿಸಲಿ. ಎರಡು ವರ್ಷ ಆ ತಪ್ಪನ್ನು ಅವಳೊಬ್ಬಳೇ ಹೊತ್ತಿದ್ದಳು. ಅವಳು ಅವನನ್ನು ಬಯ್ಯಲಿಲ್ಲ, ಕ್ಷಮಿಸಿದ ಮುಖವನ್ನೂ ಮಾಡಲಿಲ್ಲ. "ನೀವು ನಕ್ಕಿದ್ರಿ" ಎಂದಳು, ಅಷ್ಟೇ. "ನಕ್ಕಿದ್ದೆ" ಎಂದ. ಅವಳು ತಲೆ ತಗ್ಗಿಸಿ ಬಿಸ್ಕತ್ತಿನ ಡಬ್ಬಿ ತೆರೆದು, ಚೀಟಿಗಳನ್ನು ಮೇಜಿನ ಮೇಲೆ ಸುರಿದಳು.

"ಇವನ್ನ ಎಲ್ಲಿ ಹಾಕಲಿ ಸಾರ್?" ಎಂದು ಅಧಿಕಾರಿಯನ್ನು ಕೇಳಿದಳು.

ಅಧಿಕಾರಿ ಒಂದು ಚೀಟಿ ಎತ್ತಿ ಓದಿದರು, ಇನ್ನೊಂದು ಓದಿದರು. ಅವರು ಸಿಟ್ಟಾಗಿದ್ದಾರೋ ದಣಿದಿದ್ದಾರೋ ಹೇಳುವಂತಿರಲಿಲ್ಲ. "ಇಷ್ಟನ್ನೂ ಒಂದು ಕಾರ್ಡಿನಲ್ಲಿ ಹಿಡಿಸೋದು ಹೇಗಮ್ಮಾ? ಇಪ್ಪತ್ತೆರಡು ಪ್ರಾಂತ್ಯ."

"ಕಾರ್ಡಿಗೆ ಹಿಡಿಸಲ್ಲ ಸಾರ್" ಎಂದ ಅವನು, ಕೊನೆಯ ಸಾಲಿನಿಂದ. ಆ ದನಿ ಯಾವುದು, ರೇಡಿಯೋದ್ದೋ ಮೇಲಿನದೋ, ಅವನೇ ಗಮನಿಸಲಿಲ್ಲ. "ಈ ಹಾಲ್‌ಗೆ ಹಿಡಿಸುತ್ತೆ. ನಾನು ಮೊದಲನೇ ವಾಕ್ಯ ಓದ್ತೀನಿ. ಹೆಮ್ಮೆಯಿಂದ ಓದ್ತೀನಿ. ಎರಡನೇದು ಓದಲ್ಲ. ಶಿಷ್ಟ ಭಾಷೆಯಲ್ಲಿ ಮಾತಾಡಿ ಅಂತ ನಾನು ನಮ್ಮಕ್ಕನಿಗೆ ಹೇಳಲ್ಲ."

"ರಾಜಧಾನಿ?"

"ನೀವು ಕರೆದರೆ ಬರ್ತೀನಿ. ಕರೀದಿದ್ರೆ ಇಲ್ಲೇ ಇರ್ತೀನಿ."

ಅಧಿಕಾರಿ ಉತ್ತರ ಕೊಡುವಷ್ಟರಲ್ಲಿ ಗೋಡೆಯ ಮೇಲಿನ ದೀಪ ಹಸಿರಾಯಿತು. ಒಂದು ಗಂಟೆ ಮುಗಿದಿತ್ತು. ಪಶ್ಚಿಮದವರು ಲೈನುಗಳನ್ನು ಹಿಂದಕ್ಕೆ ಬಿಟ್ಟಿದ್ದರು. ಎಲ್ಲರೂ ತಂತಮ್ಮ ಕುರ್ಚಿಗೆ ಓಡಿದರು. ಅವನು ನಿಂತಿದ್ದ ಮೇಜಿನ ಫೋನೇ ಬಡಿದುಕೊಂಡಿತು, ಅವನು ಅಲ್ಲೇ ಕೂತು ಎತ್ತಿದ. ಹೆಂಗಸಿನ ದನಿ, ಏದುಸಿರು. "ಅಣ್ಣಾ, ಮಗು ಬಾಗಿಲು ಹಾಕ್ಕೊಂಡಿದೆ! ಬಾಗಿಲು ಹಾಕ್ಕೊಂಡಿದೆ ಅಣ್ಣಾ!" ಅವನ ಕೈ ಅಗ್ನಿಶಾಮಕದ ಗುಂಡಿಯತ್ತ ಹೋಯಿತು: ಬಾಗಿಲು ಒಡೆಯುವವರು ಬೇಕು. "ಮಗು ಯಾವ ಕೋಣೆಯಲ್ಲಿದೆ ಅಮ್ಮಾ?" "ಕೋಣೆ ಯಾವುದು, ನನ್ನ ತೊಡೆ ಮೇಲಿದೆ!" ಕೈ ನಿಂತಿತು. ತೊಡೆಯ ಮೇಲಿನ ಮಗು, ಹಾಕಿಕೊಂಡ ಬಾಗಿಲು. ಅವನ ಇಪ್ಪತ್ತು ವರ್ಷದ ವಾರ್ತೆಯಲ್ಲಿ ಇದಿರಲಿಲ್ಲ, ಅಜ್ಜಿಯ ಮಾತಿನಲ್ಲೂ ಇರಲಿಲ್ಲ. ಅಸ್ಪಷ್ಟ. ಅವನು ಎದ್ದು ನಿಂತ, ಹಾಲ್‌ನ ಮೂಲೆಮೂಲೆಗೂ ಕೇಳುವಂತೆ, ಜೀವಮಾನದಲ್ಲಿ ಮೊದಲ ಸಲ ಅಷ್ಟು ಗಟ್ಟಿಯಾಗಿ ಕೂಗಿದ:

"ಮಗು ಬಾಗಿಲು ಹಾಕ್ಕೊಂಡಿದೆ ಅಂದ್ರೆ ಏನುಊ? ಯಾರಿಗೆ ಗೊತ್ತುಊ?"

ಮೂರು ಸಾಲು ಆಚೆ ಬಂದರಣ್ಣ ಕುರ್ಚಿಯನ್ನೇ ಬೀಳಿಸಿಕೊಂಡು ಎದ್ದ. "ನಮ್ಮೋರು! ಫಿಟ್ಸ್ ಬಂದಿದೆ! ಹಲ್ಲು ಕಚ್ಕೊಂಡಿದೆ ಅಂತ! ಬಾಯೊಳಗೆ ಬೆರಳು ಹಾಕಬೇಡ ಅನ್ನು, ಮಗ್ಗುಲಿಗೆ ತಿರುಗಿಸು ಅನ್ನು!" ಕೂಗುತ್ತಲೇ ಓಡಿ ಬಂದ. ಅವನು ಅದನ್ನೇ ಫೋನಿನಲ್ಲಿ ಹೇಳಿದ, ಹೆಂಗಸು ತಿರುಗಿಸಿದಳು. ತನ್ನ ಪರದೆಯಲ್ಲಿ ಚೀಟಿ ಆಗಲೇ ವಿಳಾಸ ಹಿಡಿದು ಆಂಬುಲೆನ್ಸ್ ಹೊರಡಿಸಿದ್ದಳು. ಬಂದರಣ್ಣ ಅವನ ಕಿವಿಗೆ ಕಿವಿ ಹಚ್ಚಿ ನಿಂತ. ಒಂದೇ ಫೋನಿನಲ್ಲಿ ಇಬ್ಬರು. ಅಧಿಕಾರಿ ನಿಂತಲ್ಲೇ, ಕೈಯಲ್ಲಿ ಹಳದಿ ಚೀಟಿ ಹಿಡಿದು ನಿಂತಿದ್ದರು. ಮೇಜಿನ ಗಡಿಯಾರದಲ್ಲಿ ಒಂದು ನಿಮಿಷ ಹೋಯಿತು, ಒಂದೂಕಾಲು. ಆಮೇಲೆ ಸಣ್ಣದಾಗಿ, ನೀರಿನಿಂದ ಮೇಲೆ ಬಂದ ಹಾಗೆ, ಮಗು ಅತ್ತಿತು.

ಹೆಂಗಸು ಏನೋ ಹೇಳತೊಡಗಿದಳು. ಬೇಗ ಬೇಗ, ನಡುನಡುವೆ ಉಸಿರು ಎಳೆದುಕೊಂಡು, ಅದದೇ ಮಾತನ್ನು ಮತ್ತೆ ಮತ್ತೆ. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಇನ್ನೇನೋ ತೊಂದರೆಯಿರಬೇಕೆಂದು ಗಾಬರಿಯಾಗಿ ಬಂದರಣ್ಣನ ತೋಳು ಹಿಡಿದ.

"ಏನು ಹೇಳ್ತಿದ್ದಾಳೆ? ಬೇಗ ಹೇಳು, ಏನಂತೆ?"

ಬಂದರಣ್ಣ ಸ್ವಲ್ಪ ಹೊತ್ತು ಕೇಳಿದ. ಕೇಳುತ್ತಾ ಅವನ ದೊಡ್ಡ ಮುಖ ಮೆತ್ತಗಾಯಿತು.

"ಅದು ನಿನಗೆ ಹೇಳ್ತಿರೋದಲ್ಲ ಕಣೋ" ಎಂದ. "ಮಗುವಿಗೆ."